ಗೆರೆಯ ಹೊರಗಿನ ಕಣ್ಣು

ಉಸ್ತಾದ್ ಇಮಾಮುದ್ದೀನ್ ಈ ವರ್ಷವೂ ದೌಲಪ್ಪನನ್ನೇ ಮುಂದಾಳು ಮಾಡಿದ್ದಾರೆ ಎಂಬ ಸುದ್ದಿ ಬಂದಾಗ ನಾನು ಅಂಗಡಿಯಲ್ಲಿ ಒಬ್ಬ ಹೆಣ್ಣುಮಗಳಿಗೆ ಇಳಕಲ್ ಸೀರೆ ಬಿಚ್ಚಿ ತೋರಿಸುತ್ತಿದ್ದೆ. ಸೀರೆಯನ್ನು ಹಾಗೇ ಬಿಟ್ಟು, ಚಪ್ಪಲಿಯನ್ನೂ ಮೆಟ್ಟದೆ, ಶಹಾಬಜಾರದಿಂದ ಮೋಮಿನಪುರದ ತನಕ ಬಿರಬಿರನೆ ನಡೆದೆ. ನನ್ನ ಸಿಟ್ಟೇ ಹಾಗೆ. ಮೂಗಿನ ತುದಿಯಲ್ಲೇ ಕೂತಿರುತ್ತದೆ, ಕರೆಯುವುದೇ ಬೇಡ.

ಅದು ನಿಜಾಮರ ಕಾಲದ, ಅವರ ಫಸಲಿ ಲೆಕ್ಕದಲ್ಲಿ ಸಾವಿರದ ಮುನ್ನೂರ ಮೂವತ್ತಾರನೆಯ ವರ್ಷದ ಮಾತು. ಎಳ್ಳಮವಾಸ್ಯೆಯಾದ ಎರಡನೆಯ ದಿನ ಕಲಬುರಗಿಗೂ ಕಮಲಾಪುರಕ್ಕೂ ಹುತುತು, ಅಂದರೆ ಕಬಡ್ಡಿ ಪಂದ್ಯ. ಒಂದು ವರ್ಷ ನಮ್ಮಲ್ಲಿ, ಒಂದು ವರ್ಷ ಅವರಲ್ಲಿ. ಏಳೇಳು ಮಂದಿ, ಮೂರು ಆಟ. ಸತ್ತವನು ಹೊರಗೆ ಕೂತರೆ ಆ ಆಟ ಮುಗಿಯುವ ತನಕ ಒಳಗೆ ಬರುವಂತಿಲ್ಲ. ಯಾರು ನುಗ್ಗಬೇಕು, ಯಾರು ಮೂಲೆ ಹಿಡಿಯಬೇಕು, ಯಾವಾಗ ಕಾಲಿಗೆ ಬೀಳಬೇಕು, ಎಲ್ಲ ಹೇಳುವವನು ಮುಂದಾಳು. ಗೆದ್ದ ಊರಿನ ಮುಂದಾಳಿಗೆ ಆತಿಥ್ಯ ಕೊಟ್ಟ ಊರಿನ ಹಿರಿಯರು ಕೆಂಪು ರುಮಾಲು ಸುತ್ತಬೇಕು. ನಮ್ಮಲ್ಲಿ ಪಂದ್ಯವಾದರೆ ಆ ರುಮಾಲು ನನ್ನ ಅಂಗಡಿಯದು.

ಈ ಆಟದಲ್ಲಿ ಇನ್ನೊಂದು ಕಟ್ಟಳೆಯಿತ್ತು. ಗೆರೆಯ ಮೇಲೆ ಪಂಚರು ಕೂತಿರುತ್ತಿದ್ದರು, ಆದರೆ ಅವರು ನೋಡುವುದು ಉಸಿರನ್ನು ಮಾತ್ರ. ಮುಟ್ಟಿತೋ ಇಲ್ಲವೋ ಎಂಬುದನ್ನು ಮುಟ್ಟಿಸಿಕೊಂಡವನೇ ಹೇಳಬೇಕು. ಕೈ ಎತ್ತಿ "ಸತ್ತೆ" ಎಂದು ಹೊರಗೆ ನಡೆಯಬೇಕು. ಮೈ ಅವನದು, ಗೊತ್ತಾಗುವುದು ಅವನಿಗೇ ಎಂಬುದು ಹಿರಿಯರ ಲೆಕ್ಕ.

ಹೋದ ವರ್ಷ ನಮ್ಮ ಊರಲ್ಲೇ, ಮೂರನೆಯ ಆಟದಲ್ಲಿ, ದೌಲಪ್ಪ ಒಬ್ಬನೇ ಉಳಿದಿದ್ದ. ಕಮಲಾಪುರದವನೊಬ್ಬ ನುಗ್ಗಿ ಬಂದು ವಾಪಸು ಹೋದ. ಯಾರೂ ಏನೂ ನೋಡಲಿಲ್ಲ. ಮುಟ್ಟಿದವನಿಗೇ ಗೊತ್ತಿರಲಿಲ್ಲ! ಈ ಪುಣ್ಯಾತ್ಮ ಕೈ ಎತ್ತಿದ. "ಹೆಗಲಿಗೆ ತಾಗೇದ. ಸತ್ತೆ" ಎಂದ. ನನ್ನ ಅಂಗಡಿಯ ರುಮಾಲು ಕಮಲಾಪುರದ ಇನಾಯತ್‌ನ ತಲೆಯೇರಿ ಹೋಯಿತು. ಸಾಲದ್ದಕ್ಕೆ ದೌಲಪ್ಪನ ಹೆಂಡತಿ ಜಯದೇವಿ ಕಮಲಾಪುರದವಳು. ಊರಿನ ಬಾಯಿ ಸುಮ್ಮನಿರುತ್ತದೆಯೇ? ಮಾವನ ಮನೆಯ ಹೋಳಿಗೆ ಮಾತಾಡಿತು ಎಂದರು. ಎಂದವರಲ್ಲಿ ನಾನೇ ಮೊದಲಿಗ, ಸುಳ್ಳು ಯಾಕೆ ಹೇಳಲಿ.

ಮೋಮಿನಪುರದಲ್ಲಿ ಸಲಾವುದ್ದೀನನ ಚಹಾದಂಗಡಿ ಆಗಲೇ ಕುದಿಯುತ್ತಿತ್ತು. ಟಾಂಗಾ ಹೊಡೆಯುವ ಬಂದೇನವಾಜ್ ನನ್ನ ಪರ.

"ಕಮಲಾಪುರದ ಅಳಿಯಗ ಕಮಲಾಪುರದ ಮ್ಯಾಲ ಬಿಡ್ತಾರಂದ್ರ ಏನ್ರೀ ಇದು? ಉಸ್ತಾದಗ ವಯಸ್ಸಾತು," ಎಂದ.

"ಉಸ್ತಾದಗ ಕಣ್ಣು, ಕಿವಿ ಎಲ್ಲಾ ನೆಟ್ಟಗ ಅವ. ನಿನ್ನ ಕುದುರಿ ಯಾವ ಕಾಲು ಕುಂಟತದ ಅಂತ ಸದ್ದು ಕೇಳೇ ಹೇಳ್ತಾರ," ಎಂದ ಸಲಾವುದ್ದೀನ್, ಚಹಾ ಸೋಸುತ್ತ.

"ನಾ ಹೇಳೋದು ಕೇಳ್ರಿ," ಎಂದೆ ನಾನು. "ಅಣವೀರ ನನ್ನ ಮಗ ಅಂತ ಹೇಳಾಕತ್ತಿಲ್ಲ ನಾ..."

ಇಡೀ ಅಂಗಡಿ ಗೊಳ್ಳೆಂದಿತು. "ಕುಂಬಳಕಾಯಿ ಕಳ್ಳ ಅನ್ನೂದ್ರಾಗ ಹೆಗಲು ಮುಟ್ಟಿ ನೋಡ್ಕೊಂಡ್ರು ನೋಡ್ರಿ ಸಾವ್ಕಾರ್ರು!" ಎಂದ ಸಲಾವುದ್ದೀನ್.

"ನಗ್ರಿ, ನಗ್ರಿ. ತಾಲೀಮಿನಾಗ ಅಣವೀರ ದೌಲಪ್ಪಗ ಐದಕ್ಕ ನಾಕು ಸಲ ಮುಟ್ತಾನ. ಇದು ನನ್ನ ಮಗ ಅಂತ ಹೇಳಿದ ಮಾತಲ್ಲ. ಎಣಿಸಿದ ಮಾತು."

"ಹೆತ್ತವರಿಗಿ ಹೆಗ್ಗಣ ಮುದ್ದು ಅಂತಾರಲ್ರೀ, ಆದ್ರ ಹೆಗ್ಗಣ ಇಷ್ಟು ಜೋರು ಓಡ್ತದಂತ ನನಗ ಗೊತ್ತಿರಲಿಲ್ಲ," ಎಂದ ಸಲಾವುದ್ದೀನ್. ನಾನು ಚಹಾ ಕುಡಿಯದೆ ಎದ್ದೆ.

ಉಸ್ತಾದರ ಕಸುಬು ಕುದುರೆಗೆ ಲಾಳ ಹೊಡೆಯುವುದು, ನಮ್ಮ ಕಡೆ ಅದಕ್ಕೆ ನಾಲು. ಹುಡುಗರಿಗೆ ಆಟದ ತಾಲೀಮು ಸಂಜೆಗೆ, ಧರ್ಮಕ್ಕೆ. ನಾನು ಹೋದಾಗ ಒಂದು ಕಂದು ಕುದುರೆಯ ಹಿಂಗಾಲನ್ನು ತೊಡೆಯ ಮೇಲಿಟ್ಟುಕೊಂಡು ಗೊರಸು ಕೆರೆಯುತ್ತಿದ್ದರು. ತಲೆ ಎತ್ತದೆ ನನ್ನ ಪಾದ ನೋಡಿದರು.

"ಸಾವ್ಕಾರ್ರು ಬರಿಗಾಲಾಗ ಬಂದೀರಿ. ನಾಲು ಹೊಡೀಲೇನು?"

ನಗು ಬಂತು, ತಡೆದುಕೊಂಡೆ. ಸಿಟ್ಟು ಹಾಳಾದರೆ ಬಂದ ಕೆಲಸ ಕೆಡುತ್ತದೆ. "ಉಸ್ತಾದ್ರೇ, ಒಂದ ಮಾತು. ಉಸಿರು ಯಾರ್ದು ಉದ್ದ?"

"ನಿಮ್ಮ ಮಗಂದು."

"ಓಟ?"

"ಅದೂ ನಿಮ್ಮ ಮಗಂದೇ. ಹತ್ತು ವರ್ಷದಾಗ ಅಂಥಾ ಹುಡುಗ ನನ್ನ ಕೈಗಿ ಬಂದಿಲ್ಲ."

"ಮತ್ತ ಅವನ್ನ ಬಿಟ್ಟು ದೌಲಪ್ಪನ ಯಾಕ ಮುಂದಾಳು ಮಾಡೀರಿ? ಸೋಲಿಸಿದವ ಅವ!"

ಉಸ್ತಾದರು ಕುದುರೆಯ ಕಾಲನ್ನು ಮೆಲ್ಲಗೆ ಕೆಳಗಿಟ್ಟರು. ಬೆನ್ನು ನೆಟ್ಟಗೆ ಮಾಡಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. "ಸಾವ್ಕಾರ್ರೇ, ಹೋದ ವರ್ಷ ಅವ ಕೈ ಎತ್ತಿದ ದಿನದಿಂದ ನನ್ನ ತಾಲೀಮಿನಾಗ ಮುಟ್ಟಿದಿ, ಮುಟ್ಟಿಲ್ಲ ಅಂತ ಒಂದು ಜಗಳ ಆಗಿಲ್ಲ. ಮೊದ್ಲು ದಿನಾ ಆಗ್ತಿದ್ವು. ಇರಲಿ, ಅದು ನಿಮಗ ಬ್ಯಾಡ. ಅಣವೀರ ಆಡೂವಾಗ ಎಲ್ಲಿ ನೋಡ್ತಾನ, ನೋಡೀರೇನು?"

"ಎಲ್ಲಿ?"

"ಒಂದು ಕಣ್ಣು ಆಟದಾಗ ಇರ್ತದ. ಇನ್ನೊಂದು ಗೆರಿ ಹೊರಗ. ಎರಡೂ ಕಣ್ಣು ಒಳಗ ಬಂದ ದಿನ ಮುಂದಾಳು ಅವನೇ. ನಾನೇ ನಿಮ್ಮ ಅಂಗಡಿಗಿ ಬಂದು ರುಮಾಲು ಆರಿಸ್ತೀನಿ."

ನನಗೆ ಅರ್ಥವಾದದ್ದು ಇಷ್ಟೇ: ಹುಡುಗನ ಕಣ್ಣು ಯಾವುದೋ ಹುಡುಗಿಯ ಮೇಲಿದೆ. ಹತ್ತೊಂಬತ್ತರ ವಯಸ್ಸು, ತಪ್ಪೇನಿಲ್ಲ. ಮನೆಗೆ ಬಂದವನೇ ಹೆಂಡತಿ ಶಂಕ್ರಮ್ಮನನ್ನು ಹಿಡಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಯಾವ ಹುಡುಗೀನೂ ಇಲ್ಲ, ಏನೂ ಇಲ್ಲ. ನಿಮ್ಮ ಮಾರಿ ನೋಡ್ತಾನ ಅವ. ಸಣ್ಣಾಂವ ಇದ್ದಾಗ ಇನ್ನೊಂದು ರೊಟ್ಟಿ ಬೇಕಂದ್ರೂ ಮೊದ್ಲು ನಿಮ್ಮ ಮಾರಿ ನೋಡಿ ಆಮ್ಯಾಲ ನನ್ನ ಕೇಳ್ತಿದ್ದ. ಈಗಾದ್ರೂ ಏನ್ ಬಿಟ್ಟಾನ?"

"ತಂದೀಗಿ ಮರ್ಯಾದಿ ಕೊಡೋದು ತಪ್ಪೇನು?"

"ತಪ್ಪಂತ ನಾ ಅಂದ್ನೇನು? ನೀವು ಕೇಳಿದ್ರಿ, ನಾ ಹೇಳ್ದೆ," ಎಂದು ರೊಟ್ಟಿ ತಿರುವಿ ಹಾಕಿದಳು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಇಂಥ ಮಗನನ್ನು ಮುಂದಾಳು ಮಾಡುವುದಿಲ್ಲವೆಂದರೆ ಉಸ್ತಾದರಿಗೆ ಅರಳುಮರಳು ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟೆ.

ಅಣವೀರನಿಗೆ ಮಾತ್ರ ನಾನು ಹೋದದ್ದು ಸೇರಲಿಲ್ಲ. "ಯಪ್ಪಾ, ನೀ ಉಸ್ತಾದರ ಕಡಿ ಯಾಕ ಹೋದಿ? ಹುಡುಗ್ರು ನಗಾಕತ್ತಾರ."

"ನಿನಗ ಮುಂದಾಳಾಗೋದು ಬ್ಯಾಡೇನು?"

ಅವನು ನನ್ನ ಮುಖ ನೋಡಿದ. "ನಿನಗ ಬೇಕಲ್ಲ," ಎಂದ. ಆ ಮಾತನ್ನು ನಾನು ಆಗ ಕೇಳಿಸಿಕೊಳ್ಳಲೇ ಇಲ್ಲ. ಕಿವಿಗೆ ಬಿತ್ತು, ಅಷ್ಟೇ.

ಎಳ್ಳಮವಾಸ್ಯೆಯ ಭಜ್ಜಿ, ಸಜ್ಜೆ ರೊಟ್ಟಿ ಉಂಡ ಮಾರನೆಯ ಬೆಳಿಗ್ಗೆ ಮೂರು ಬಂಡಿ ಕಟ್ಟಿಕೊಂಡು ಹೊರಟೆವು. ಕಪನೂರ ದಾಟುವ ತನಕ ಹುಡುಗರ ಹಾಡು, ಆಮೇಲೆ ಬರೀ ಜೋಳದ ಹೊಲ, ಬಂಡಿಯ ಸದ್ದು. ದಾರಿಯುದ್ದಕ್ಕೂ ಬಂದೇನವಾಜ್ ಮತ್ತು ನಾನು ಉಸ್ತಾದರ ಆಯ್ಕೆಯನ್ನು ಕುಟ್ಟಿ ಪುಡಿ ಮಾಡಿದೆವು. ಮುಂದಿನ ಬಂಡಿಯಲ್ಲಿದ್ದ ದೌಲಪ್ಪನಿಗೆ ಕೇಳಿಸಲಿ ಎಂದೇ ಜೋರಾಗಿ ಮಾತಾಡಿದೆವು. ಅವನು ಒಂದು ಸಲವೂ ತಿರುಗಲಿಲ್ಲ. ಅವನು ಹತ್ತಿ ಒತ್ತುವ ಕಾರಖಾನೆಯ ಹಮಾಲ. ಹೆಚ್ಚು ಮಾತಿನವನಲ್ಲ.

ಕಮಲಾಪುರ ಸೇರಿದಾಗ ಸಂಜೆ. ಬಾಳೆತೋಟದ ಪಕ್ಕದ ಒಂದು ಛತ್ರದಲ್ಲಿ ನಮಗೆ ಇಳಿಯಲು ವ್ಯವಸ್ಥೆ. ಗೊನೆಗೊನೆಯೇ ಕೆಂಪು ಬಾಳೆಹಣ್ಣು ತಂದಿಟ್ಟಿದ್ದರು. ದೌಲಪ್ಪನ ಅತ್ತೆ ನೀಲಗಂಗಮ್ಮ ಬುಟ್ಟಿ ಹೊತ್ತು ಬಂದರು. "ಮನೀಗಿ ಬರ್ರೀ ಅಳಿಯಂದ್ರೇ. ಊರಿಗಿ ಬಂದು ಛತ್ರದಾಗ ಮಲಗ್ತೀರೇನು?"

"ನಾಳಿ ಆಟ ಮುಗೀಲಿ ಅತ್ತೀ. ಈಗ ಬಂದ್ರ ಚಲೋ ಅಲ್ಲ," ಎಂದ ದೌಲಪ್ಪ. ಬುಟ್ಟಿಯನ್ನೂ ಮುಟ್ಟಲಿಲ್ಲ. ಬಂದೇನವಾಜ್ ನನ್ನ ಕಡೆ ನೋಡಿದ. ನಾನು ಬೇರೆ ಕಡೆ ನೋಡಿದೆ.

ಮಾರನೆಯ ದಿನ ಕೆಮ್ಮಣ್ಣಿನ ಬಯಲಲ್ಲಿ ಇಡೀ ಕಮಲಾಪುರ ಸೇರಿತ್ತು. ನಾನು ನಮ್ಮವರ ಪಾಳೆಯದ ಮೂಲೆಯ ಪಕ್ಕ, ಬದಿಯ ಗೆರೆಯಿಂದ ಒಂದು ಮೊಳ ಆಚೆ, ಮಗನ ಕಣ್ಣಿಗೆ ಬೀಳುವಂತೆ ಕೂತೆ. ಅಣವೀರ ಆಡುವ ಮೂಲೆ ಅದು.

ಮೊದಲ ಆಟ ಅವರದು, ಎರಡನೆಯದು ನಮ್ಮದು. ಹೊಟ್ಟೆಕಿಚ್ಚು ಬಿಟ್ಟು ಹೇಳಬೇಕೆಂದರೆ ದೌಲಪ್ಪ ಚೆನ್ನಾಗಿಯೇ ಆಡಿಸಿದ. ಕಿರುಚುವುದಿಲ್ಲ, ಬಯ್ಯುವುದಿಲ್ಲ. ಹೆಸರು ಹಿಡಿದು ಒಂದೇ ಮಾತು ಹೇಳುತ್ತಿದ್ದ, ಆರು ಮಂದಿ ಕೇಳುತ್ತಿದ್ದರು. ಮೂರನೆಯ ಆಟದಲ್ಲಿ ಅವರ ಕಡೆ ಇನಾಯತ್ ಒಬ್ಬನೇ ಉಳಿದ. ನಮ್ಮ ಕಡೆ ದೌಲಪ್ಪ, ಅಣವೀರ. ದೌಲಪ್ಪ ನುಗ್ಗಿದ. ಇನಾಯತ್ ಸೊಂಟಕ್ಕೆ ಕೈ ಹಾಕಿ ಎತ್ತಿ ಒಗೆದ. ಉಸಿರು ಅಲ್ಲೇ ಮುರಿಯಿತು. ದೌಲಪ್ಪ ಎದ್ದು, ಆಚೆ ಬದಿಯಲ್ಲಿ ಹೋಗಿ ಕೂತ.

ಈಗ ಒಬ್ಬನಿಗೆ ಒಬ್ಬ. "ಹುತುತು ಹುತುತು" ಎನ್ನುತ್ತ ಇನಾಯತ್ ನಮ್ಮ ಪಾಳೆಯಕ್ಕೆ ಬಂದ. ಅಣವೀರ ಹಿಂದೆ ಸರಿದ, ಬಲಕ್ಕೆ ಹೋದ, ಎಡಕ್ಕೆ ಹೊರಳಿದ. ನನ್ನ ಮೂಲೆಗೇ ಬಂದ. ಇನಾಯತ್ ನೆಲಕ್ಕೆ ಬಿದ್ದು ಕೈ ಚಾಚಿದ. ಧೂಳೆದ್ದಿತು. ಉಸಿರು ಬಿಡದೆ ಎದ್ದು ಓಡಿ ಗೆರೆ ದಾಟಿದ.

"ತಾಗಿದಂಗ ಆತು," ಎಂದ ಇನಾಯತ್ ಏದುಸಿರು ಬಿಡುತ್ತ. "ಖಾತ್ರಿ ಇಲ್ಲ. ಅವನ ಕೇಳ್ರಿ."

ನನಗೆ ಖಾತ್ರಿಯಿತ್ತು. ಅಣವೀರನ ಹಿಮ್ಮಡಿ ನನ್ನ ಕಣ್ಣೆದುರೇ ಇತ್ತು. ಅದಕ್ಕೆ ಮೆತ್ತಿದ ಕೆಂಪು ಧೂಳಿನ ಮೇಲೆ ಎರಡು ಬೆರಳಿನ ಗೀರು. ಬಯಲಿನಲ್ಲಿದ್ದ ಸಾವಿರ ಮಂದಿಯಲ್ಲಿ ಅದನ್ನು ನೋಡಿದವನು ನಾನೊಬ್ಬನೇ.

ಅಣವೀರ ನನ್ನ ಕಡೆ ನೋಡಿದ. ಅವನಿಗೂ ಗೊತ್ತಿತ್ತು. ಗೊತ್ತಿಲ್ಲದೆ ನೋಡುವ ಕಣ್ಣಲ್ಲ ಅದು, ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಲೇ ಎಂದು ಕೇಳುವ ಕಣ್ಣು. ನಾನು ತಲೆ ಅಲ್ಲಾಡಿಸಿದೆ. ಇಲ್ಲ ಎಂದು. ಬಹಳ ಅಲ್ಲ, ಒಂದೇ ಒಂದು ಸಲ. ಶಿವನೇ, ಅಷ್ಟೇ ಮಾಡಿದ್ದು ನಾನು.

"ಇಲ್ಲ. ಮುಟ್ಟಿಲ್ಲ," ಎಂದ ಅಣವೀರ.

ಗದ್ದಲವೆದ್ದಿತು. "ಸುಳ್ಳು! ಸುಳ್ಳು!" ಎಂದು ಕಮಲಾಪುರದ ಹುಡುಗರು ಗೆರೆಯವರೆಗೆ ನುಗ್ಗಿದರು. ಅವರ ಹಿರಿಯ ಮಾಲಿಪಾಟೀಲರು ಕೋಲೂರಿಕೊಂಡು ಎದ್ದು ನಿಂತರು. "ಸುಮ್ ಕೂಡ್ರೋ! ದೌಲಪ್ಪನ ಕೇಳೂಣು. ಹೋದ ವರ್ಷ ಯಾರೂ ಕೇಳದ ಸತ್ತೆ ಅಂದ ಮನಶ್ಯಾ ಅವ. ಅವ ಇಲ್ಲ ಅಂದ್ರ ಇಲ್ಲ. ಹೇಳಪಾ ದೌಲಪ್ಪ."

ದೌಲಪ್ಪ ಎದ್ದ. "ನಾ ಈ ಬದಿಗಿ ಇದ್ದೆರೀ. ಧೂಳಿನಾಗ ಕಾಣ್ಲಿಲ್ಲ." ಅಣವೀರನ ಕಡೆ ಒಮ್ಮೆ ನೋಡಿದ. "ಆದ್ರ ನಮ್ಮ ಹುಡುಗ ಇಲ್ಲ ಅಂದಾನ. ನಮ್ಮ ಹುಡುಗನ ಮಾತು ನನ್ನ ಮಾತು."

"ಮುಗೀತು. ಆಟ ನಡೀಲಿ," ಎಂದು ಮಾಲಿಪಾಟೀಲರು ಕೂತರು. ಕಮಲಾಪುರದ ಹುಡುಗರು ಹಿಂದೆ ಸರಿದು ಕೂತರು. ಉಸ್ತಾದರು ಯಾಕೆ ದೌಲಪ್ಪನನ್ನು ಮುಂದೆ ನಿಲ್ಲಿಸಿದರೆಂದು ನನಗೆ ಆಗ ಹೊಳೆಯಿತು. ಹೊಳೆದದ್ದು ಎಂಥ ಹೊತ್ತಿನಲ್ಲಿ ನೋಡಿ.

ಅಣವೀರ ನುಗ್ಗಿದ. ಕಾಲು ಎಂದಿನಷ್ಟು ಹಗುರವಿರಲಿಲ್ಲ, ಆದರೂ ಇನಾಯತ್‌ನ ಮೊಣಕೈಗೆ ಬೆರಳು ತಾಗಿಸಿ ಬಂದ. ಇನಾಯತ್ ಕೈ ಎತ್ತಿದ. "ಸತ್ತೆ," ಎಂದು ನಕ್ಕೇ ಹೊರಗೆ ನಡೆದ. ಕಲಬುರಗಿ ಗೆದ್ದಿತು! ಬಂದೇನವಾಜ್ ನನ್ನನ್ನು ಎತ್ತಿ ಕುಣಿಸಿದ. ನಾನೂ ಕುಣಿದೆ. ನಾಚಿಕೆಗೆಟ್ಟವನಂತೆ ಕುಣಿದೆ.

ಮಾಲಿಪಾಟೀಲರು ಕೆಂಪು ರುಮಾಲು ಬಿಚ್ಚಿಕೊಂಡು ಬಂದರು. ದೌಲಪ್ಪ ಅವರ ಮುಂದೆ ತಲೆ ಬಾಗಿಸಿದ. ಅವನ ಅತ್ತೆ ಹೆಂಗಸರ ನಡುವೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು. ಒಂದು ಸುತ್ತು ಸುತ್ತಿಯಾಗಿತ್ತು.

"ಕಟ್ಟಬ್ಯಾಡ್ರಿ."

ಅಣವೀರನ ದನಿ. ಅವನು ಆಟದ ಅಂಗಳದ ನಡುವೆ ಒಬ್ಬನೇ ನಿಂತಿದ್ದ. ಈ ಸಲ ನನ್ನ ಕಡೆ ನೋಡಲಿಲ್ಲ. ನಾನು ಕಣ್ಣಿನಲ್ಲೇ ಅವನನ್ನು ಹಿಡಿಯಲು ಒದ್ದಾಡಿದೆ, ಬೇಡವೋ ಮಗನೇ ಎಂದು. ಅವನು ನೋಡಲೇ ಇಲ್ಲ.

"ಹಿಮ್ಮಡಕ್ಕ ಮುಟ್ಟಿತ್ತು. ನಾ ಸತ್ತಿದ್ದೆ," ಎಂದ. ಕೈ ಎತ್ತಿದ. ಹಾಗೇ ಎತ್ತಿಕೊಂಡೇ ಗೆರೆಯ ಹೊರಗೆ ನಡೆದು, ಸತ್ತವರು ಕೂರುವ ಜಾಗದಲ್ಲಿ ಹೋಗಿ ಕೂತ.

ಗೆದ್ದ ಆಟ ಕಮಲಾಪುರದ್ದಾಯಿತು. ದೌಲಪ್ಪ ತನ್ನ ತಲೆಯ ಮೇಲಿನ ಒಂದು ಸುತ್ತನ್ನು ತಾನೇ ಬಿಚ್ಚಿ, ಮಡಚಿ, ಮಾಲಿಪಾಟೀಲರ ಕೈಗೆ ಕೊಟ್ಟ. "ತಪ್ಪಾತ್ರೀ," ಎಂದ. ಅವನದೇನು ತಪ್ಪು? ತಪ್ಪು ಮಾಡಿದವನು ನಾನು, ಬಂದೇನವಾಜ್‌ನ ಪಕ್ಕದಲ್ಲಿ ಬಾಯಿ ತೆರೆದುಕೊಂಡು ನಿಂತಿದ್ದೆ.

ವಾಪಸು ಬರುವಾಗ ಬಂಡಿಯಲ್ಲಿ ಅಣವೀರ ಏನೂ ತಿನ್ನದೆ ಕೂತಿದ್ದ. ದೌಲಪ್ಪ, ಆಟ ಮುಗಿದ ಮೇಲೆ ಅತ್ತೆ ಕೊಟ್ಟ ಬುಟ್ಟಿ ಬಿಚ್ಚಿ, ಶೇಂಗಾ ಹಿಂಡಿ ಹಚ್ಚಿದ ರೊಟ್ಟಿಯನ್ನು ಅವನ ಕೈಗಿಟ್ಟ. "ತಿನ್ನು. ಹೋದ ವರ್ಷ ನನಗೂ ಎರಡ ದಿನ ಗಂಟಲಾಗ ಇಳಿದಿರಲಿಲ್ಲ," ಎಂದ. ಅಣವೀರ ನನ್ನ ಮುಖ ನೋಡದೆ ರೊಟ್ಟಿ ಮುರಿದ. ಉಸ್ತಾದರು ನನ್ನ ಪಕ್ಕದಲ್ಲೇ ಕೂತಿದ್ದರು. ನಾನು ತಲೆ ಅಲ್ಲಾಡಿಸಿದ್ದನ್ನು ಅವರು ನೋಡಿದ್ದರೋ ಇಲ್ಲವೋ ಕೇಳುವ ಧೈರ್ಯ ನನಗಾಗಲಿಲ್ಲ. ಕಪನೂರ ಬಂದಾಗ ಅವರೇ ಎಂದರು, "ಎರಡನೇ ಕಣ್ಣು ಒಳಗ ಬಂತು ಸಾವ್ಕಾರ್ರೇ."

ಊರಲ್ಲಿ ಎಂಟು ದಿನ ಅದೇ ಮಾತು. ನಾನು ಅಂಗಡಿ ಬಿಟ್ಟು ಕದಲಲಿಲ್ಲ. ಒಂಬತ್ತನೆಯ ದಿನ ಸಲಾವುದ್ದೀನನ ಅಂಗಡಿಗೆ ಹೋದೆ. ಚಪ್ಪಲಿ ಮೆಟ್ಟಿಕೊಂಡೇ ಹೋದೆ. ಬಂದೇನವಾಜ್ ಅಲ್ಲಿದ್ದ.

"ಸಾವ್ಕಾರ್ರೇ, ಸಿಟ್ಟಾಗಬ್ಯಾಡ್ರಿ. ಆಮ್ಯಾಲ ಖರೇ ಹೇಳಾಂವ ಮೊದ್ಲು ಸುಳ್ಳು ಯಾಕ ಹೇಳ್ದ? ಇಡೀ ಊರಿನ ಮಾರಿಗಿ ಮಸಿ ಬಳೀತು," ಎಂದ.

ಸುಮ್ಮನೆ ಚಹಾ ಕುಡಿದು ಬರಬಹುದಿತ್ತು. ಹುಡುಗಬುದ್ಧಿ ಎಂದು ತೇಲಿಸಬಹುದಿತ್ತು. ನಾನು ತಲೆ ಅಲ್ಲಾಡಿಸಿದ್ದನ್ನು ಅಣವೀರ ಮನೆಯಲ್ಲಿ ತಾಯಿಗೂ ಹೇಳಿರಲಿಲ್ಲ, ಯಾರಿಗೂ ಹೇಳುವವನಲ್ಲ. ನನ್ನ ಮರ್ಯಾದೆಯನ್ನು ಅವನು ಹೊತ್ತುಕೊಂಡು ತಿರುಗುತ್ತಿದ್ದ.

"ಅವ ನನ್ನ ಕೇಳ್ದ," ಎಂದೆ. "ಕಣ್ಣಾಗ ಕೇಳ್ದ. ನಾ ಎರಡು ಬೆರಳಿನ ಗೀರು ನೋಡಿದ್ದೆ. ನೋಡಿ, ಇಲ್ಲ ಅಂತ ತಲಿ ಅಲ್ಲಾಡಿಸ್ದೆ. ಸುಳ್ಳು ನಂದು. ಖರೇ ಅಷ್ಟು ಅವಂದು. ಮತ್ತ ದೌಲಪ್ಪನ ಬಗ್ಗಿ ವರ್ಷ ತನ ಏನೇನ್ ಅಂದೀನಲ್ಲ, ಅದೂ ಸುಳ್ಳೇ."

ಸಲಾವುದ್ದೀನ್ ಹೊಸ ಚಹಾ ಸೋಸಿ ನನ್ನ ಮುಂದಿಟ್ಟ. ಆವತ್ತು ಹೆಗ್ಗಣದ ಮಾತು ತೆಗೆಯಲಿಲ್ಲ.

ಮುಂದಿನ ವರ್ಷ ಪಂದ್ಯ ನಮ್ಮ ಊರಲ್ಲಿ. ಎಳ್ಳಮವಾಸ್ಯೆಗೆ ಹದಿನೈದು ದಿನವಿರುವಾಗ ಉಸ್ತಾದರು ನನ್ನ ಅಂಗಡಿಗೆ ಬಂದು ಗಾದಿಯ ಮೇಲೆ ಕೂತು, ನಾಲ್ಕು ರುಮಾಲು ಬಿಚ್ಚಿಸಿ ಒಂದನ್ನು ಆರಿಸಿದರು. ಮುಂದಾಳು ಅಣವೀರ. ಹೆಸರು ಸೂಚಿಸಿದವನು ದೌಲಪ್ಪನಂತೆ. ಚಹಾದಂಗಡಿ ಮತ್ತೆ ಕುದಿಯಿತು: ಸುಳ್ಳು ಹೇಳಿದವನನ್ನು ಮುಂದೆ ನಿಲ್ಲಿಸುವುದೇ, ಉಸ್ತಾದರಿಗೆ ನಿಜಕ್ಕೂ ವಯಸ್ಸಾಯಿತು, ಅದು, ಇದು. ನಾನು ಉಸ್ತಾದರನ್ನು ಒಂದೇ ಒಂದು ಮಾತು ಕೇಳಿದೆ.

"ನಾ ಎಲ್ಲಿ ಕೂಡ್ರಬೇಕು?"

ಉಸ್ತಾದರು ರುಮಾಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡರು. "ಬರ್ರಿ. ತಪ್ಪಸಬ್ಯಾಡ್ರಿ. ಅವನ ಬೆನ್ನಿಗಿ ಕೂಡ್ರಿ," ಎಂದರು.

ಹಾಗೇ ಕೂತೆ, ಗೆರೆಯಿಂದ ಬಹಳ ಹಿಂದೆ, ಕಮಲಾಪುರದ ಹೆಂಗಸರ ಬುಟ್ಟಿಗಳ ನಡುವೆ. ಮಗ ಆಡುವುದನ್ನು ಇಷ್ಟು ವರ್ಷ ನೋಡಿದ್ದೆ, ಅವನ ಬೆನ್ನನ್ನು ಎಂದೂ ನೋಡಿರಲಿಲ್ಲ. ಅಗಲವಾಗಿತ್ತು. ಹೆಸರು ಹಿಡಿದು ಒಂದೊಂದೇ ಮಾತು ಹೇಳುತ್ತಿದ್ದ, ದೌಲಪ್ಪನೂ ಕೇಳುತ್ತಿದ್ದ. ಮೂರು ಆಟ ಮುಗಿಯುವ ತನಕ ಕಾದೆ. ಅವನು ಒಂದು ಸಲವೂ ತಿರುಗಿ ನೋಡಲಿಲ್ಲ. ನನಗೆ ಎದೆ ತುಂಬಿ ಬಂತು, ಅಷ್ಟೇ ಸಂಕಟವೂ ಆಯಿತು.